ಮುಖ ಕಂಡ್ರ ಮಾತು ತಿಳೀತದ, ಫೋನಿನಾಗ ತಿಳಿಯಂಗಿಲ್ಲ: ಹಿರಿಯರ ಕಿವಿ ಬಗ್ಗೆ ತಿಳಿದವ್ರು ಹೇಳ್ರಿ

ಸೇಡಂರೋಡ್:
ಎಲ್ರಿಗೂ ನಮಸ್ಕಾರ್ರಿ. ಭಾಳ ದಿನದಿಂದ ಒಂದು ವಿಷಯ ತಲಿಯಾಗ ಕುಂತದ, ಇಲ್ಲಿ ಕೇಳೇ ಬಿಡ್ತೀನಿ. ನಮ್ಮ ಮುತ್ಯಾ ಆಳಂದ ಕಡಿ ಹಳ್ಳ್ಯಾಗ ಇರ್ತಾರ, ವಯಸ್ಸು ಎಂಬತ್ತರ ಆಸುಪಾಸು. ಊರಿಗೆ ಹೋಗಿ ಕಟ್ಟಿ ಮ್ಯಾಲ ಎದುರಾಬದುರಾ ಕುಂತು ಮಾತಾಡಿದ್ರ ಎಲ್ಲಾ ತಿಳೀತದ, ಹೊಲ, ಮಳಿ, ತೊಗರಿ ರೇಟು, ಯಾರ ಮನ್ಯಾಗ ಮದ್ವಿ, ಯಾವುದಕ್ಕೂ ಬರೋಬ್ಬರಿ ಉತ್ತರ ಕೊಡ್ತಾರ. ಅದೇ ಕಲಬುರಗಿಯಿಂದ ಫೋನ್ ಹಚ್ಚಿದ್ರ ಪ್ರತಿ ಮಾತಿಗೂ "ಏನಂದಿ? ಏನಂದಿ?" ಅಂತ ಕೇಳಿ ಕೇಳಿ ಕಡೀಗೆ ಬ್ಯಾಸತ್ತು ಕಾಕಾನ ಕೈಯಾಗ ಕೊಟ್ಟುಬಿಡ್ತಾರ. ಇನ್ನೊಂದು ಏನಂದ್ರ, ಎದುರಿಗಿದ್ದಾಗ್ಲೂ ಒಂದೇ ಉಸಿರಿನಾಗ ನಾಕು ಕೆಲಸ ಹೇಳಿದ್ರ ನಡುವಿಂದು ಎರಡು ಹಾರಿ ಹೋಗಿರ್ತಾವ. ಮನ್ಯಾಗ ಎಲ್ರೂ "ಮುತ್ಯಾಗ ಬೇಕಾದ್ದಷ್ಟೇ ಕೇಳ್ತದ" ಅಂತಾರ, ಅವರ ಮುಂದೇ ಅಂತಾರ. ನಂಗ ಅದು ಸರಿ ಅನಸವಲ್ದು. ಮುಖ ಕಂಡಾಗ ಯಾಕ ತಿಳೀತದ, ಮಾತು ಜಾಸ್ತಿ ಆದಾಗ ಯಾಕ ತಪ್ಪತದ, ಇದಕ್ಕ ಏನರ ಕಾರಣ ಇರಬೇಕಲ್ಲ?

ಬೀದರ್_ಕೋಟೆ:
ಫೋನಿನ ಸ್ಪೀಕರ್ ಖರಾಬ್ ಆಗಿರಬಹುದು ನೋಡ್ರಿ. ಇಲ್ಲಾಂದ್ರ ಹಳ್ಳಿ ನೆಟ್‌ವರ್ಕ್. ಮೊದಲು ಒಂದು ಚಲೋ ಫೋನ್ ಕೊಡ್ಸಿ ನೋಡ್ರಿ, ಆಮ್ಯಾಲ ಕಿವಿ ಬಗ್ಗೆ ಯೋಚನಿ ಮಾಡೂಣು.

ಸೇಡಂರೋಡ್:
ಅದೇ ಫೋನಿನಾಗ ಕಾಕಾಗ ಸ್ಪಷ್ಟ ಕೇಳ್ತದ್ರಿ ಅಣ್ಣಾ.

ಆವಾಜ್_ಕಲಬುರಗಿ:
ಅಕ್ಕಾರ, ನಿಮ್ಮ ಮುತ್ಯಾ ಆಟ ಆಡ್ತಿಲ್ರಿ, ಇದನ್ನ ಮೊದಲು ಮನ್ಯಾಗ ಎಲ್ರಿಗೂ ಹೇಳ್ರಿ. ನಾ ಕಿವಿ ಟೆಸ್ಟ್ ಮಾಡೋ ಕೆಲಸದಾಗ ಇದೀನಿ, ದಿನಾ ಇಂಥಾ ಹಿರಿಯರೇ ಬರ್ತಾರ, ಎಲ್ಲಾರ ಬಾಯಾಗೂ ಒಂದೇ ಮಾತು, "ಆವಾಜ್ ಕೇಳ್ತದ್ರಿ, ಮಾತು ತಿಳಿಯಂಗಿಲ್ಲ". ವಯಸ್ಸಾದಂಗ ಒಳಗಿವಿಯಾಗ ಮೊದಲು ಸವೆಯೋದು ತೀಕ್ಷ್ಣ ಅಂದ್ರ ಹೈ ಫ್ರೀಕ್ವೆನ್ಸಿ ಆವಾಜ್ ಹಿಡಿಯೋ ಜಾಗ. ಆ, ಊ, ಓ ಅನ್ನೋ ಸ್ವರಗಳು ಕೆಳಗಿನ ಫ್ರೀಕ್ವೆನ್ಸಿದಾಗ ಜೋರಾಗಿ ಬರ್ತಾವ, ಅವು ಉಳಿತಾವ. ಸ, ತ, ಕ, ಪ ಇಂಥಾ ವ್ಯಂಜನದ ಗುರುತು ಮ್ಯಾಲಿನ ಫ್ರೀಕ್ವೆನ್ಸಿದಾಗ ಮೆತ್ತಗ ಬಂದು ರಪ್ಪಂತ ಮುಗಿದೇ ಹೋಗ್ತದ. ಅದಕ್ಕ ಜನ ಮಾತಾಡೋದು ಗೊತ್ತಾಗ್ತದ, ಏನ್ ಮಾತಾಡಿದ್ರು ಅನ್ನೋದು ಗೊತ್ತಾಗಂಗಿಲ್ಲ. ಮ್ಯಾಲ ಸಾದಾ ಟೆಲಿಫೋನ್ ಲೈನ್ ಹಿಂದಿನಿಂದ್ಲೂ ಸುಮಾರು 300 ರಿಂದ 3400 ಹರ್ಟ್ಜ್ ತನಕ ಮಾತ್ರ ಆವಾಜ್ ಸಾಗಸ್ತದ, ಉಳದದ್ದು ಕತ್ತರಿಸಿ ಬಿಡ್ತದ. ಅಂದ್ರ ಕಿವಿ ಮೊದಲೇ ಸೋತ ಕಡೇನೇ ಫೋನೂ ಕೈ ಕೊಡ್ತದ, ಮುಖ ಅಂತೂ ಕಾಣಂಗೇ ಇಲ್ಲ.

ಈಗ ಮುಖದ ವಿಷಯ. ಸಾಲ್ಯಾಗ ಕಲ್ತ ವರ್ಣಮಾಲಿ ನೆನಪು ಮಾಡ್ಕೊಳ್ರಿ. ಅಡ್ಡ ಸಾಲು ಒಂದೊಂದೂ ಬಾಯಾಗಿನ ಒಂದೊಂದು ಜಾಗ, ಕ ಸಾಲು ಗಂಟಲ ಕಡಿ, ತ ಸಾಲು ಹಲ್ಲಿನ ಹಿಂದ, ಪ ಸಾಲು ತುಟಿ. ಅದೇ ಒಂದು ಸಾಲಿನ ಒಳಗ ಪ, ಬ, ಮ ನೋಡಿದ್ರ ಜಾಗ ಒಂದೇ, ಫರಕ್ ಇರೋದು ಗಂಟಲ ಕಂಪನದಾಗ ಮತ್ತ ಮೂಗಿನ ದನಿಯಾಗ. 1955ರಾಗ ಮಿಲ್ಲರ್ ಮತ್ತ ನೈಸ್ಲಿ ಅಂತ ಇಬ್ರು ಗದ್ದಲದಾಗ ಯಾವ ವ್ಯಂಜನ ಯಾವುದರ ಜೋಡಿ ಗೋಂದಲ ಆಗ್ತದ ಅಂತ ಅಳದು ನೋಡಿದ್ರು. ಗದ್ದಲ ಏರಿದಂಗ ಮೊದಲು ಅಳಿಸಿ ಹೋಗೋದು ಬಾಯಾಗಿನ ಜಾಗದ ಗುರುತು, ಕಂಪನದ್ದು ಮತ್ತ ಮೂಗಿಂದು ಕಡೀತನಕ ತಡೀತಾವ. ಈಗ ಕಣ್ಣು ಏನು ಹೇಳ್ತದ ನೋಡ್ರಿ, ಗಂಟಲ ಕಂಪನ ಕಣ್ಣಿಗೆ ಕಾಣಂಗಿಲ್ಲ, ಮೂಗಿಂದೂ ಕಾಣಂಗಿಲ್ಲ, ಆದ್ರ ತುಟಿ ಕೂಡಿದ್ದು ಪಕ್ಕಾ ಕಾಣತದ. ಕಿವಿ ಕಳ್ಕೊಂಡದ್ದನ್ನೇ ಕಣ್ಣು ತಂದು ಕೊಡ್ತದ. ಯಾವ ಸಾಲು ಅಂತ ಕಣ್ಣು ಹೇಳ್ತದ, ಸಾಲಿನೊಳಗ ಯಾವ ಅಕ್ಷರ ಅಂತ ಕಿವಿ ಹೇಳ್ತದ. ಎಲ್ಲಾ ಸಾಲೂ ಕಣ್ಣಿಗೆ ಸರಿಸಮ ಕಾಣತಾವ ಅಂತಲ್ಲ, ಟ ಮತ್ತ ತ, ಳ ಮತ್ತ ಲ ನೋಡಿ ಬೇರಿ ಮಾಡೋದು ಭಾಳ ಕಷ್ಟ, ಪ ಸಾಲು ಮಾತ್ರ ಮರೆಮಾಚಾಕ ಆಗಂಗಿಲ್ಲ.

ನಮ್ಮ ಗಂಜ್ ಬಜಾರಿನಾಗಿನ ಉದಾಹರಣಿ ಕೊಡ್ತೀನಿ. "ಮೂರು" ಮತ್ತ "ನೂರು". ಎರಡಕ್ಕೂ ಮೂಗಿನ ದನಿ, ಎರಡಕ್ಕೂ ಅದೇ ಸ್ವರ, ಅದೇ ಉದ್ದ. ಫರಕ್ ಏನಪಾ ಅಂದ್ರ ಮೂರು ಅನ್ನಾಗ ತುಟಿ ಕೂಡತಾವ, ನೂರು ಅನ್ನಾಗ ಕೂಡಂಗಿಲ್ಲ. ಕಿವಿ ಮಂದ ಇದ್ದವ್ರಿಗೆ ಫೋನಿನಾಗ ಇವೆರಡೂ ಹೆಚ್ಚು ಕಮ್ಮಿ ಒಂದೇ. ಎದುರಿಗೆ ಕುಂತ್ರ ಒಂದು ನೋಟಕ್ಕ ತೀರ್ಮಾನ ಆಗ್ತದ. ಮುತ್ಯಾ ಕಟ್ಟಿ ಮ್ಯಾಲ ಕುಂತು ಮಾಡ್ತಿರೋದು ಇದನ್ನೇ, ಅವರಿಗೆ ಗೊತ್ತಿಲ್ಲದೇ ಮಾಡ್ತಾರ.

ತೊಗರಿ_ಮಿಲ್:
ಮೂರು ನೂರು ಅನ್ನೋದು ನೂರಕ್ಕ ನೂರು ಖರೆ. ನಾ ದಾಲ್ ಮಿಲ್‌ನಾಗ ಸುಪರ್‌ವೈಸರ್, ಭಾಳ ವರ್ಷ ಆತು. ಮಷೀನ್ ಚಾಲೂ ಇದ್ದಾಗ ಹಳಬ್ರು ಯಾರೂ ಒದರಂಗಿಲ್ರಿ, ಒದರಿದ್ರ ಏನೂ ಉಪಯೋಗ ಇಲ್ಲ. ಹಳೇ ಹಮಾಲರು ಎದುರು ಬಂದು ನಿಂತು ಬಾಯಿ ಬಿಡಿಸಿ ನಿಧಾನಕ್ಕ ಅಂತಾರ, ಚೀಲ ಎಷ್ಟು, ಯಾವ ಲಾರಿ, ಎಲ್ಲಾ ತಿಳೀತದ. ಹೊಸಾ ಪೋರಗೋಳು ಬೆನ್ನ ಹಿಂದ ನಿಂತು ಕೂಗ್ತಾರ, ಒಂದೂ ತಿಳಿಯಂಗಿಲ್ಲ. ನಾವು ಇದನ್ನ ರೂಢಿ ಅಂತ ತಿಳ್ಕೊಂಡಿದ್ವಿ, ಇದರ ಹಿಂದ ಇಷ್ಟು ಲೆಕ್ಕ ಅದ ಅಂತ ಗೊತ್ತಿರ್ಲಿಲ್ಲ.

ಆವಾಜ್_ಕಲಬುರಗಿ:
ತೊಗರಿ ಅಣ್ಣಾರ, ನೀವು ಹೇಳಿದ್ದನ್ನೇ 1954ರಾಗ ಸಂಬಿ ಮತ್ತ ಪೊಲಾಕ್ ಅನ್ನೋರು ಪ್ರಯೋಗ ಮಾಡಿ ತೋರಿಸ್ಯಾರ. ಗದ್ದಲ ಇಲ್ಲದಾಗ ಮುಖ ಕಂಡ್ರೂ ಕಾಣದಿದ್ರೂ ಅಂಥಾ ಫರಕ್ ಇಲ್ಲ, ಯಾಕಂದ್ರ ಕಿವಿಗೇ ಎಲ್ಲಾ ಸಿಗ್ತದ. ಗದ್ದಲ ಏರಿದಂಗೆಲ್ಲಾ ಮುಖದಿಂದ ಸಿಗೋ ಲಾಭ ಏರ್ತದ. ಬಾಯಿ ತೆರಿಯೋದು ದನಿಕ್ಕಿಂತ ಮೊದಲೇ ಶುರು ಆಗ್ತದ, ಸುಮಾರು 100 ರಿಂದ 300 ಮಿಲಿಸೆಕೆಂಡ್ ಮುಂಚೆ. ಅಂದ್ರ ಮುಂದ ಬರೋ ಅಕ್ಷರ ಯಾವುದು ಅಂತ ಮೆದುಳಿಗೆ ಕಣ್ಣಿನಿಂದ ಮೊದಲೇ ಸುಳಿವು ಸಿಕ್ಕಿರ್ತದ, ಆಮ್ಯಾಲ ಕಿವಿಗೆ ಬರೋ ಹರಕು ಮುರಕು ಆವಾಜನ್ನ ಆ ಸುಳಿವಿಗೆ ಜೋಡಿಸಿಕೊಳ್ತದ. 1997ರಾಗ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಆವಾಜೇ ಇಲ್ಲದ ಬಾಯಿ ಆಡಿಸೋದು ನೋಡಿದ್ರೂ ಕೇಳೋ ಭಾಗ ಕೆಲಸ ಮಾಡೋದು ಕಂಡಿತು.

ಬೀದರ್_ಕೋಟೆ:
ಸರ್, ಸಹಾಯ ಮಾಡ್ತದ ಅನ್ನೋದು ಒಪ್ಪತೀನಿ. ಆದ್ರ ಕಣ್ಣು ನಾವು ಕೇಳೋದನ್ನೇ ಬದಲು ಮಾಡ್ತದ ಅಂತ ಎಲ್ಲೋ ಒಂದು ವಿಡಿಯೋ ನೋಡಿದ್ದೆ, ಬಾ ಬಾ ಅನ್ನೋ ಆವಾಜಿಗೆ ಬ್ಯಾರೆ ಬಾಯಿ ಹಚ್ಚಿದ್ರು. ಎಲ್ರೂ ದಾ ಅಂತ ಕೇಳ್ತದ ಅಂತ ಕಾಮೆಂಟ್ ಹಾಕಿದ್ರು, ನಂಗ ಚೊಕ್ಕ ಬಾ ಅಂತಲೇ ಕೇಳ್ತು. ಇದು ಎಲ್ಲಾರಿಗೂ ಆಗೋದಾ, ಇಲ್ಲಾ ಹೇಳಿಕೊಟ್ಟದ್ದನ್ನ ಕೇಳ್ಕೊಳ್ಳೋದಾ?

ಆವಾಜ್_ಕಲಬುರಗಿ:
ಚಲೋ ಪ್ರಶ್ನಿ. ಅದಕ್ಕ ಮೆಕ್‌ಗರ್ಕ್ ಪರಿಣಾಮ ಅಂತಾರ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಾಗ ಹ್ಯಾರಿ ಮೆಕ್‌ಗರ್ಕ್ ಮತ್ತ ಜಾನ್ ಮ್ಯಾಕ್‌ಡೊನಾಲ್ಡ್ ಇದನ್ನ 1976ರಾಗ 'ನೇಚರ್' ಪತ್ರಿಕಿಯಾಗ ಬರದ್ರು. ಆವಾಜ್ "ಬಾ", ಬಾಯಿ "ಗಾ", ಕೇಳೋದು "ದಾ". ಮೆದುಳು ಎರಡಕ್ಕೂ ಒಪ್ಪೋವಂಥಾ ನಡುವಿನ ಅಕ್ಷರ ಆರಿಸ್ಕೊಳ್ತದ, ಕಿವಿ ಬಾ ಅಂತದ, ಕಣ್ಣು ತುಟಿ ಕೂಡೇ ಇಲ್ಲ ಅಂತದ, ಎರಡಕ್ಕೂ ಹತ್ರ ಇರೋದು ದಾ. ಅವರ ಪ್ರಯೋಗದಾಗ ದೊಡ್ಡವರ ಉತ್ತರ 100ಕ್ಕ 98 ಹಂಗೇ ಬಂದಿತ್ತು. ಆಮ್ಯಾಲ ಬ್ಯಾರೆ ಬ್ಯಾರೆ ವಿಡಿಯೋ, ಬ್ಯಾರೆ ಬ್ಯಾರೆ ಜನರ ಜೋಡಿ ಮಾಡಿದಾಗ ಭಾಳ ಹೆಚ್ಚು ಕಮ್ಮಿ ಕಂಡದ, ಕೆಲವ್ರಿಗೆ ಪ್ರತಿ ಸಲ ಆಗ್ತದ, ಕೆಲವ್ರಿಗೆ ಆಗೋದೇ ಇಲ್ಲ. ಅದಕ್ಕ ನಿಮಗ ಬಾ ಕೇಳಿದ್ದು ತಪ್ಪಲ್ಲ. 1991ರಾಗ ಜಪಾನಿನವರ ಮ್ಯಾಲ ಮಾಡಿದ್ದು ನೋಡ್ರಿ, ಸ್ಪಷ್ಟ ಆವಾಜ್ ಇದ್ದಾಗ ಅವರಿಗೆ ಕಣ್ಣಿನ ಪ್ರಭಾವ ಕಮ್ಮಿ, ಅದೇ ಆವಾಜಿಗೆ ಗದ್ದಲ ಕೂಡಿಸಿದ ಕೂಡ್ಲೇ ಅವರಿಗೂ ಪ್ರಭಾವ ಏರ್ತು. ಕಿವಿಗೆ ನಂಬಿಕಿ ಇದ್ದಷ್ಟು ಹೊತ್ತು ಕಿವಿ, ಅದು ಕುಸಿದ್ರ ಕಣ್ಣು. ಬೇಕಾದ್ರ ಈಗ ಅದೇ ವಿಡಿಯೋನ ಫ್ಯಾನ್, ಮಿಕ್ಸಿ ಆವಾಜಿನ ನಡುವ ನೋಡ್ರಿ.

ಇನ್ನು ಹೇಳಿಕೊಟ್ಟದ್ದನ್ನ ಕೇಳ್ತಾರ ಅನ್ನೋದಕ್ಕ ಉತ್ತರ, ಕೂಸುಗಳು. 1982ರಾಗ ಕುಹ್ಲ್ ಮತ್ತ ಮೆಲ್ಟ್ಜಾಫ್ ಅನ್ನೋರು ನಾಕೈದು ತಿಂಗಳ ಕೂಸುಗಳ ಮುಂದ ಎರಡು ಮುಖ ತೋರಿಸಿ ಒಂದೇ ಸ್ವರ ಕೇಳಿಸಿದ್ರು. ಆವಾಜಿಗೆ ಹೊಂದೋ ಬಾಯಿ ಯಾವ ಮುಖಕ್ಕ ಇತ್ತೋ ಕೂಸುಗಳು ಅದನ್ನೇ ಜಾಸ್ತಿ ಹೊತ್ತು ನೋಡಿದ್ವು. ಅವಕ್ಕ ಯಾರೂ ಹೇಳಿಕೊಟ್ಟಿರ್ಲಿಲ್ಲ.

ಬೀದರ್_ಕೋಟೆ:
ಮಿಕ್ಸಿ ಹಚ್ಚಿ ನೋಡ್ದೆ. ಈ ಸಲ ದಾ. ಕಣ್ಣು ಮುಚ್ಚಿದ್ರ ಬಾ, ತೆಗೆದ್ರ ದಾ. ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡಿದ್ರೂ ಹಂಗೇ ಬರ್ತದ, ಗೊತ್ತಿದ್ರೂ ತಡಿಯಾಕ ಆಗವಲ್ದು. ಒಪ್ಪದೆ ಸರ್.

ಯಾದಗಿರಿ_ಟೀಚರ್:
ನಾನು ಪ್ರೈಮರಿ ಸಾಲಿ ಟೀಚರ್. ಇದನ್ನ ಓದಿ ಕೊರೊನಾ ದಿನ ನೆನಪಾದ್ವು. 2020ರ ಮಾರ್ಚ್‌ನಾಗ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯವ್ರದೇ, ನಮ್ಮ ಭಾಗದಾಗ ಎಲ್ಲಾರಿಗೂ ಭಯ ಕುಂತಿತ್ತು, ಸಾಲಿ ಮತ್ತ ಶುರುವಾದಾಗ ಮಾಸ್ಕ್ ಬಿಡೋ ಮಾತೇ ಇರ್ಲಿಲ್ಲ. ಉಕ್ತಲೇಖನ ಹೇಳಿದ್ರ ಮಕ್ಕಳು "ಮರ" ಅಂದದ್ದಕ್ಕ "ನರ", "ಬಾರು" ಅಂದದ್ದಕ್ಕ "ದಾರು" ಅಂತ ಬರೀತಿದ್ವು. ನಾವು ಎರಡು ವರ್ಷ ಸಾಲಿ ತಪ್ಪಿದ್ದಕ್ಕ ಅಕ್ಷರ ಮರ್ತಾರ ಅಂದ್ಕೊಂಡ್ವಿ. ಅಕ್ಷರ ಮರ್ತದ್ದೂ ಇರಬಹುದು, ಆದ್ರ ಈಗ ನೋಡಿದ್ರ ಎಲ್ಲಾ ಪ ಸಾಲಿನ ತಪ್ಪೇ ಕಣ್ಣ ಮುಂದ ಬರ್ತಾವ. ಮನಿಯಾಗ ಬ್ಯಾರೆ ಭಾಷಿ ಆಡೋ ಮಕ್ಕಳಿಗೆ ಇನ್ನೂ ಕಷ್ಟ ಇತ್ತು, ನಮ್ಮ ಕಡಿ ಒಂದು ಕ್ಲಾಸಿನಾಗ ಕನ್ನಡ, ತೆಲುಗು, ಲಂಬಾಣಿ, ಉರ್ದು ಎಲ್ಲಾ ಮನಿಯವ್ರೂ ಇರ್ತಾರ. ಸರ್, ಪ್ಲಾಸ್ಟಿಕ್‌ನ ಕಾಣೋ ಮಾಸ್ಕ್ ಬಂದಿದ್ವಲ್ಲ, ಅವು ಚಲೋ ಏನು?

ಆವಾಜ್_ಕಲಬುರಗಿ:
ಟೀಚರ್, ಮಾಸ್ಕ್ ಎರಡು ಕಡಿಯಿಂದ ಹೊಡಿತದ. ಸಾದಾ ಸರ್ಜಿಕಲ್ ಮಾಸ್ಕ್ ಹೈ ಫ್ರೀಕ್ವೆನ್ಸಿ ಆವಾಜನ್ನ ಕೆಲವು ಡೆಸಿಬಲ್ ತಗ್ಗಸ್ತದ, ಎನ್95 ಇನ್ನೂ ಜಾಸ್ತಿ, ಮ್ಯಾಲ ತುಟಿ ಮುಚ್ಚತದ. ಪ್ಲಾಸ್ಟಿಕ್ ಮಾಸ್ಕ್ ತುಟಿ ತೋರಸ್ತದ, ಆದ್ರ ಆವಾಜನ್ನ ಸರ್ಜಿಕಲ್ ಮಾಸ್ಕ್‌ಕ್ಕಿಂತ ಜಾಸ್ತಿ ಕೆಡಸ್ತದ. ಕಿವಿ ಮಂದ ಇದ್ದ ಮಗುವಿಗೆ ಆದ್ರೂ ಅದೇ ಮೇಲು.

ನಿಮಗ ಒಂದು ವಿನಂತಿ ಟೀಚರ್, ಬೋರ್ಡ್ ಕಡಿ ಮುಖ ಮಾಡಿ ಬರಕೋತ ಬರಕೋತ ಪಾಠ ಹೇಳೋದು ಎಲ್ಲಾ ಸಾಲ್ಯಾಗೂ ಅದ. ತಗಡಿನ ಛಾವಣಿ, ಪಕ್ಕದ ಕ್ಲಾಸಿನ ಗದ್ದಲ, ಅದರಾಗ ಮಾಸ್ತರ ಬೆನ್ನು. ಮೊದಲು ಬರ್ರಿ, ಆಮ್ಯಾಲ ತಿರುಗಿ ಹೇಳ್ರಿ.

ಕೆಪಿಎಸ್ಸಿ_ತಯಾರಿ:
ನಂದು ಉಲ್ಟಾ ಅನುಭವ ಅದ ಸರ್. ನಾ ಕಲಬುರಗಿಯಾಗ ರೂಮ್ ಮಾಡಿ ಓದ್ತಿದೀನಿ, ಆನ್‌ಲೈನ್ ಕ್ಲಾಸ್ ಕೇಳಾಗ ಮುಖ ನೋಡಿದ್ರ ತಲಿಗೆ ಹತ್ತಂಗಿಲ್ಲ, ಕಣ್ಣು ಮುಚ್ಚಿ ಇಯರ್‌ಫೋನ್ ಹಾಕಿ ಕೇಳಿದ್ರ ಕಲಂ, ತಿದ್ದುಪಡಿ, ಇಸವಿ ಎಲ್ಲಾ ನೆನಪು ಉಳಿತಾವ. ಮುಖ ನೋಡೋದು ಮೆದುಳಿಗೆ ಎಕ್ಸ್‌ಟ್ರಾ ಕೆಲಸ ಅಲ್ಲೇನ್ರಿ? ಮತ್ತ ಇದೇ ಕ್ಲಾಸನ್ನ ಸೂಪರ್ ಮಾರ್ಕೆಟ್ ಕಡಿ ಬಸ್‌ನಾಗ ಹೊಂಟಾಗ ಕೇಳಿದ್ರ ಒಂದೊಂದು ಶಬ್ದ ಬರೋಬ್ಬರಿ ಕೇಳ್ತದ, ಇಳಿದ ಮ್ಯಾಲ ಏನೂ ನೆನಪಿರಂಗಿಲ್ಲ. ಕೇಳಿದ್ದು ಖರೆ, ಮತ್ತ ಎಲ್ಲಿಗೆ ಹೋತು?

ಆವಾಜ್_ಕಲಬುರಗಿ:
ತಮ್ಮಾ, ನೀ ಕೇಳಿದ್ದು ಈ ಚರ್ಚಾದಾಗ ಎಲ್ಲಾದಕ್ಕಿಂತ ದೊಡ್ಡ ವಿಷಯ, ಮುತ್ಯಾಂದು ನಾಕು ಕೆಲಸದಾಗ ಎರಡು ಹಾರಿ ಹೋಗೋದೂ ಇದೇ.

ಮಾತು ತಿಳಿಯೋದು ಅಂದ್ರ ಆವಾಜ್ ಹಿಡಿಯೋದಷ್ಟೇ ಅಲ್ಲ, ಹಿಡದದ್ದನ್ನ ಮುಂದಿನ ಮಾತು ಬರೋತನಕ ಹಿಡ್ಕೊಂಡಿರೋದೂ ಅದ. ಆ ಹಿಡ್ಕೊಳ್ಳೋ ಜಾಗಕ್ಕ ಕೆಲಸದ ನೆನಪು, ವರ್ಕಿಂಗ್ ಮೆಮೊರಿ ಅಂತಾರ, ಬ್ಯಾಡ್ಲಿ ಮತ್ತ ಹಿಚ್ 1974ರಾಗ ಅದರ ನಕ್ಷಿ ಕೊಟ್ರು. ಜಾಗ ಭಾಳ ಸಣ್ಣದು. 1956ರಾಗ ಜಾರ್ಜ್ ಮಿಲ್ಲರ್ ಏಳರ ಆಸುಪಾಸು ಅಂದಿದ್ರು, 2001ರಾಗ ಕೋವನ್ ಅನ್ನೋರು ಖರೆ ಲೆಕ್ಕ ಹಚ್ಚಿದ್ರ ನಾಕರ ಹತ್ರ ಅಂದ್ರು. ಸಾಲಿ ಪಾಟಿ ಇದ್ದಂಗ, ಹೊಸದು ಬರಿಯಾಕ ಹಳೇದು ಅಳಸಬೇಕಾಗ್ತದ. ಈಗ ಗದ್ದಲ ಬಂತು ಅಂದ್ರ ಏನಾಗ್ತದ, ಹರಕು ಆವಾಜನ್ನ ಊಹೆ ಮಾಡಿ ಜೋಡಿಸೋ ಕೆಲಸಕ್ಕೂ ಅದೇ ಜಾಗ ಬೇಕು.

1968ರಾಗ ಪ್ಯಾಟ್ರಿಕ್ ರ‍್ಯಾಬಿಟ್ ಮಾಡಿದ ಪ್ರಯೋಗ ನಂಗ ಭಾಳ ಇಷ್ಟ. ಜನರಿಗೆ ಅಂಕಿಗಳ ಪಟ್ಟಿ ಓದಿ ಹೇಳಿದ್ರು, ಮೊದಲ ಅರ್ಧ ಸ್ಪಷ್ಟ, ಎರಡನೇ ಅರ್ಧಕ್ಕ ಗದ್ದಲ. ಆಮ್ಯಾಲ ಮೊದಲ ಅರ್ಧದ ಅಂಕಿ ಕೇಳಿದ್ರು. ಸ್ಪಷ್ಟ ಕೇಳಿದ ಅಂಕಿಗಳೇ ಮರ್ತು ಹೋಗಿದ್ವು! ಯಾಕಂದ್ರ ಎರಡನೇ ಅರ್ಧ ಹಿಡಿಯೋ ಒದ್ದಾಟದಾಗ ಮೊದಲಿಂದನ್ನ ಮನಸ್ಸಿನಾಗ ತಿರುವಿ ಹಾಕಾಕ ಪುರಸೊತ್ತು ಸಿಗಲಿಲ್ಲ. ನಿನ್ನ ಬಸ್ಸಿನ ಕ್ಲಾಸ್ ಅಲ್ಲೇ ಹೋದದ್ದು. ಕಿವಿ ಮಂದ ಇದ್ದ ಹಿರಿಯರಿಗೆ ಮನಿಯೂ ಆ ಬಸ್ಸೇ, ದಿನಾ ಇಪ್ಪತ್ನಾಕು ತಾಸು. ಸುತ್ತಲಿನವ್ರು "ಮುತ್ಯಾಗ ಮರವು ಬಂತು" ಅಂತಾರ, ಮರವು ಬ್ಯಾರೆ ಕಾರಣಕ್ಕೂ ಬರ್ತದ, ಆದ್ರ ಎಷ್ಟೋ ಸಲ ಅವರು ಮರ್ತದ್ದಲ್ಲ, ನೆನಪಿಡಾಕ ಜಾಗಾನೇ ಸಿಕ್ಕಿರಂಗಿಲ್ಲ. ಇದು ನಂಗ ದಿನಾ ಕಣ್ಣಿಗೆ ಬೀಳೋ ಅನ್ಯಾಯ.

ಇನ್ನು ನಿನ್ನ ಕಣ್ಣು ಮುಚ್ಚೋ ವಿಷಯ. ಸ್ವೀಡನ್ನಿನ ಲಿಂಕೋಪಿಂಗ್‌ನಾಗ ಇದನ್ನೇ ನೋಡ್ಯಾರ, 2013ರಾಗ ಬಂದದ್ದು. ಕಿವಿ ಚಲೋ ಇದ್ದ ಹರೇದವ್ರಿಗೆ, ಗದ್ದಲ ಇಲ್ಲದಾಗ, ಕೇಳಿದ್ದನ್ನ ನೆನಪಿಟ್ಟು ಅದರ ಮ್ಯಾಲ ಕೆಲಸ ಮಾಡ್ರಿ ಅಂದಾಗ ಮುಖ ಕಾಣೋದು ಜರಾ ಅಡ್ಡಿ ಮಾಡ್ತು. ಗದ್ದಲ ಬಂದ ಮ್ಯಾಲ ಅದೇ ಮುಖ ಸಹಾಯ ಮಾಡ್ತು. ಅಂದ್ರ ಶಾಂತ ರೂಮಿನಾಗ ನೀ ಕಣ್ಣು ಮುಚ್ಚೋದು ನಿಂಗ ಸರಿ. ಮುತ್ಯಾಗ ಅದನ್ನೇ ಹೇಳಬ್ಯಾಡ.

ಬೀದರ್_ಕೋಟೆ:
ಒಂದು ಸಂಶಯ. ತಲಿ ತುಂಬಿದಾಗ ಜನ ಕಣ್ಣಿನ ಮ್ಯಾಲ ಜಾಸ್ತಿ ಆತುಕೊಳ್ತಾರೋ ಕಮ್ಮಿನೋ? ನೀವು ಹೇಳೋದು ನೋಡಿದ್ರ ಕಿವಿ ಸೋತಾಗ ಕಣ್ಣು ಅಂತ. ಹಂಗಾದ್ರ ನೆನಪಿನ ಹೊರೆ ಬಿದ್ದಾಗ್ಲೂ ಕಣ್ಣಿನ ಪ್ರಭಾವ ಏರಬೇಕಲ್ಲ?

ಆವಾಜ್_ಕಲಬುರಗಿ:
ಹಂಗ ಅನಸ್ತದ, ಆದ್ರ ಪ್ರಯೋಗದಾಗ ಉಲ್ಟಾ ಬಂದದ. 2005ರಾಗ ಸ್ಪೇನ್‌ನಾಗ ಅಲ್ಸಿಯಸ್ ಮತ್ತ ಜೊತೆಗಾರರು ಮೆಕ್‌ಗರ್ಕ್ ವಿಡಿಯೋ ತೋರಿಸಿಕೋತ ಬ್ಯಾರೆ ಚಿತ್ರ, ಬ್ಯಾರೆ ಆವಾಜ್ ಮ್ಯಾಲೂ ಲಕ್ಷ್ಯ ಇಡ್ರಿ ಅಂದ್ರು. ಲಕ್ಷ್ಯ ಹಂಚಿ ಹೋದ ಕೂಡ್ಲೇ ಪರಿಣಾಮ ಇಳೀತು, ಜನರಿಗೆ ಬರೇ ಕಿವಿಯದ್ದೇ ಕೇಳಾಕ ಹತ್ತಿತು. 2012ರಾಗ ಕೆನಡಾದ ಬುಕನ್ ಮತ್ತ ಮುನ್‌ಹಾಲ್ ಅಂಕಿಗಳನ್ನ ನೆನಪಿಡೋ ಹೊರೆ ಹೊರಿಸಿ ನೋಡಿದ್ರು. ಅಲ್ಲೂ ಕಣ್ಣಿನ ಪ್ರಭಾವ ತಗ್ಗಿತು, ಆದ್ರ ಸ್ವಲ್ಪೇ ಸ್ವಲ್ಪ. ಅಂದ್ರ ಕಣ್ಣು ಕಿವಿ ಕೂಡಿಸೋದು ಬಹುಪಾಲು ತನ್ನಷ್ಟಕ್ಕ ನಡೀತದ, ಪೂರಾ ಪುಕ್ಕಟೆ ಅಲ್ಲ.

ನನ್ನ ಅನಿಸಿಕಿ ಹೇಳ್ತೀನಿ, ಹಿರಿಯರಿಗೆ ಇದರ ಅರ್ಥ ಭಾಳ ಅದ. ಕಿವಿ ಸೋತಾಗ ಅವರು ಕಣ್ಣಿನ ಮ್ಯಾಲ ನಿಂತಿರ್ತಾರ. ಆ ಹೊತ್ತಿನಾಗೇ ನಾವು ಒಂದೇ ಉಸಿರಿಗೆ "ಬ್ಯಾಂಕಿಗೆ ಹೋಗು, ಆಧಾರ್ ಝೆರಾಕ್ಸ್ ಒಯ್ಯಿ, ಬರುವಾಗ ಗುಳಿಗಿ ತಗೊಂಡು ಬಾ, ಕಾಕಾಗ ಫೋನ್ ಮಾಡು" ಅಂದ್ರ ಅವರು ನಿಂತ ಒಂದೇ ಆಸರಾನೂ ಅಲುಗಾಡಿಸಿದಂಗ. ಮಾತಿನ ನಡುವ ಬಿಡುವು ಕೊಟ್ಟು, ಒಂದು ತಿಳದದ್ದು ಕಂಡ ಮ್ಯಾಲ ಇನ್ನೊಂದು ಹೇಳಿದ್ರ ಅದೇ ಕಿವಿಗೆ ಎಲ್ಲಾ ತಿಳೀತದ.

ಕಣ್ಣಿಂದ_ಕೇಳೋಳು:
ಎಲ್ರೂ ಹಿರಿಯರ ಬಗ್ಗೆ ಮಾತಾಡ್ತಿದೀರಿ, ನನ್ನದೂ ಸ್ವಲ್ಪ ಸೇರಿಸ್ತೀನಿ. ನಂಗ ಸಣ್ಣಕಿದ್ದಾಗಿಂದ ಎರಡೂ ಕಿವಿ ಕೇಳಂಗಿಲ್ಲ, ಹುಮನಾಬಾದ್ ಕಡಿಯಾಕಿ, ಬೀದರದಾಗ ಕೆಲಸ. ತುಟಿ ಓದಾಕ ಬರ್ತದ. ಬರ್ತದ ಅಂದ ಕೂಡ್ಲೇ ಜನ ಎಲ್ಲಾ ತಿಳೀತದ ಅಂದ್ಕೊಳ್ತಾರ. ಇಲ್ರಿ. ಪಾಲು, ಬಾಲು, ಮಾಲು ನಂಗ ಒಂದೇ ಕಾಣತಾವ. ಕ ಸಾಲು ಕಾಣೋದೇ ಇಲ್ಲ ಅಂದ್ರೂ ನಡೀತದ. ಯಾವುದು ಅನ್ನೋದನ್ನ ವಾಕ್ಯ ಮುಗಿಯೋತನಕ ಎರಡೂ ಮೂರೂ ಮನಸ್ಸಿನಾಗ ಹಿಡ್ಕೊಂಡು ಕುಂತು, ಕಡೀ ಶಬ್ದ ಬಂದ ಮ್ಯಾಲ ಒಂದು ಆರಿಸ್ಕೋಬೇಕು, ಅಷ್ಟೊತ್ತಿಗೆ ನೀವು ಮುಂದಿನ ವಾಕ್ಯದಾಗ ಅರ್ಧ ಹೋಗಿರ್ತೀರಿ. ನೀವು ಹೇಳೋ ನೆನಪಿನ ಹೊರೆ ನಂಗ ಇದೇ. ಸಂಜಿಗೆ ತಲಿ ಸಿಡೀತದ, ಕಣ್ಣು ನೋಯ್ತಾವ.

ನಮ್ಮ ಭಾಗದಾಗ ಇನ್ನೊಂದು ತ್ರಾಸ ಅದ, ಕನ್ನಡ ನಡದಾಗ ನಡುವೇ ದಖನಿ ಉರ್ದುಕ್ಕ ಹೊರಳ್ತಾರ, ಮತ್ತ ಕನ್ನಡಕ್ಕ ಬರ್ತಾರ. ಕಿವಿ ಇದ್ದವ್ರಿಗೆ ಅದು ಗೊತ್ತೇ ಆಗಂಗಿಲ್ಲ. ನಾ ಕನ್ನಡದ ಶಬ್ದ ಹುಡುಕ್ಕೋತ ಇರ್ತೀನಿ, ತುಟಿ ಮ್ಯಾಲ ಬಂದದ್ದು ಉರ್ದು. ಭಾಷಿ ಬದಲಾದದ್ದು ತಿಳಿಯೋದ್ರಾಗ ವಿಷಯ ತಪ್ಪಿರ್ತದ. ಅದಕ್ಕ ಮೊದಲು ಯಾವ ವಿಷಯ ಅಂತ ಒಂದು ಶಬ್ದ ಹೇಳ್ರಿ, "ಸಂಬಳದ ಬಗ್ಗೆ", "ರಜಾ ಬಗ್ಗೆ". ಅಷ್ಟು ಗೊತ್ತಾದ್ರ ಸಾಕು, ನಾ ಹುಡುಕೋ ಜಾಗ ಅರ್ಧ ಕಮ್ಮಿ ಆಗ್ತದ.

ಇನ್ನೂ ಕೆಲವು ಮಾತು. ಕಿಡಕಿ ಬೆನ್ನಿಗೆ ಮಾಡಿ ನಿಂತ್ರ ಮುಖ ಕರ್ರಗ ಕಾಣತದ, ತುಟಿ ಕಾಣಂಗಿಲ್ಲ. ಎಲಿ ಅಡಿಕಿ, ಗುಟಕಾ ಹಾಕ್ಕೊಂಡು ಮಾತಾಡಿದ್ರ ಎಲ್ಲಾ ಅಕ್ಷರ ಒಂದೇ. ಬಾಯಿ ಅತೀ ಅಗಲ ಮಾಡಿ ಒಂದೊಂದು ಅಕ್ಷರ ಬಿಡಿಸಿ ಹೇಳಬ್ಯಾಡ್ರಿ, ಅದು ನಾ ಕಲ್ತ ತುಟಿ ಅಲ್ಲ, ಇನ್ನೂ ಗೊತ್ತಾಗಂಗಿಲ್ಲ. ಎರಡು ಸಲ ಹೇಳಿದ್ರೂ ತಿಳೀಲಿಲ್ಲ ಅಂದ್ರ ಮೂರನೇ ಸಲ ಅದೇ ಶಬ್ದ ಹೇಳಬ್ಯಾಡ್ರಿ, ಬ್ಯಾರೆ ಶಬ್ದದಾಗ ಹೇಳ್ರಿ. ಮತ್ತ "ಇರ್ಲಿ ಬಿಡು, ಏನಿಲ್ಲ" ಅನ್ನಬ್ಯಾಡ್ರಿ. ಏನಿಲ್ಲ ಅಂದಷ್ಟು ನೋವು ಯಾವುದೂ ಇಲ್ಲ.

ಯಾದಗಿರಿ_ಟೀಚರ್:
ಅಕ್ಕಾರ, ಇದನ್ನ ನಮ್ಮ ಸ್ಟಾಫ್ ಗ್ರೂಪಿಗೆ ಹಾಕ್ಲೇನ್ರಿ? ನಿಮ್ಮ ಹೆಸರು ಹಾಕಂಗಿಲ್ಲ.

ಕಣ್ಣಿಂದ_ಕೇಳೋಳು:
ಹಾಕ್ರಿ ಟೀಚರ್. ಸೈನ್ ಭಾಷಿ ಕಲಿಸೋ ಬಗ್ಗೆನೂ ಒಂದು ಮಾತು ಸೇರಸ್ರಿ, ತುಟಿ ಓದೋದು ಅದರ ಬದಲಿ ಅಲ್ಲ. ಸೈನ್‌ನಾಗ ನಂಗ ಊಹೆ ಮಾಡೋದು ಇರಂಗಿಲ್ಲ, ಅಲ್ಲಿ ನಾ ಬರೇ ಮಾತಾಡ್ತೀನಿ.

ಜೇವರ್ಗಿ_ಕಾಲನಿ:
ನಾ ಬ್ಯಾಂಕ್ ಕೌಂಟರಿನಾಗ ಕುಂದರತೀನಿ. ಪೆನ್ಶನ್ ದಿನ ಹಿರಿಯರದೇ ಸಾಲು. ನಡುವ ದಪ್ಪ ಗಾಜು, ಗಾಜಿನ ಮ್ಯಾಲ ನೋಟಿಸ್ ಅಂಟಿಸಿರ್ತಾವ, ಖರೆ ಹೇಳ್ಬೇಕಂದ್ರ ನನ್ನ ಬಾಯಿ ಇರೋ ಎತ್ತರಕ್ಕೇ ಅಂಟಿಸಿರ್ತಾವ. ನಾವು ಕಂಪ್ಯೂಟರ್ ನೋಡಿಕೋತ ಮಾತಾಡ್ತೀವಿ. ಕೆವೈಸಿ, ಓಟಿಪಿ ಆರು ಅಂಕಿ, ಮೂರನೇ ಕೌಂಟರ್, ಎಲ್ಲಾ ಒಟ್ಟಿಗೆ. ಇದನ್ನೆಲ್ಲಾ ಓದಿದ ಮ್ಯಾಲ ಇವತ್ತು ನೋಟಿಸ್ ಕಿತ್ತು ಬಾಜೂಕ ಹಚ್ಚಿದೆ. ಇನ್ನೇನು ಮಾಡಬಹುದು?

ಆವಾಜ್_ಕಲಬುರಗಿ:
ದೊಡ್ಡ ಕೆಲಸ ಮಾಡಿದ್ರಿ. ಮಾತಾಡೋ ಮುಂಚೆ ಅವರು ನಿಮ್ಮ ಮುಖ ನೋಡೋತನಕ ಕಾಯ್ರಿ. ಅವರು ಬರೋಬ್ಬರಿ ತುಟಿಗೇ ದಿಟ್ಟಿ ನೆಡಬೇಕು ಅಂತಿಲ್ಲ, ಕಣ್ಣು ನೋಡಿದ್ರೂ ತುಟಿ ಓರೆಗಣ್ಣಿಗೆ ಸಿಗ್ತದ, ಮುಖ ಎದುರಿಗಿದ್ರ ಸಾಕು. ಅಂಕಿ ಇದ್ದದ್ದನ್ನ ಚೀಟಿಗೆ ಬರದು ಕೊಡ್ರಿ, ಅಂಕಿ ಊಹೆ ಮಾಡಾಕ ಆಗಂಗಿಲ್ಲ, ಹಿಂದ ಮುಂದ ಅರ್ಥ ಇರಂಗಿಲ್ಲ, ಒಂದು ತಪ್ಪಿದ್ರ ಎಲ್ಲಾ ಹೋತು. ಓಟಿಪಿ ಎರಡೆರಡು ಅಂಕಿ ಮಾಡಿ ಹೇಳಸ್ರಿ.

ಸೇಡಂರೋಡ್:
ನಾ ವಿಡಿ‌ಯೋ ಕಾಲ್ ಮಾಡಿ ನೋಡಿದೆ. ಮೊದಲ ದಿನ ಭಾಳ ಚಲೋ ಆತು, ಎರಡನೇ ದಿನ ನೆಟ್‌ವರ್ಕ್ ಸರಿ ಇರ್ಲಿಲ್ಲ, ಬಾಯಿ ಒಂದು ಕಡಿ ಆವಾಜ್ ಒಂದು ಕಡಿ, ಮುತ್ಯಾ ಇನ್ನೂ ಗೋಂದಲ ಆದ್ರು. ಮತ್ತ ಅವರು ಚಷ್ಮಾ ಹಚ್ಚಿರ್ಲಿಲ್ಲ, "ತಡಿ, ಚಷ್ಮಾ ಹಚ್ಚತೀನಿ, ಕೇಳವಲ್ದು" ಅಂದ್ರು! ಮನ್ಯಾಗ ಎಲ್ರೂ ನಕ್ರು, ನಾ ಅವರಿಗೆಲ್ಲಾ ಇಲ್ಲಿ ಓದಿದ್ದನ್ನ ಓದಿ ಹೇಳಿದೆ.

ಆವಾಜ್_ಕಲಬುರಗಿ:
ಚಷ್ಮಾ ಇಲ್ಲದ ಕೇಳಂಗಿಲ್ಲ ಅನ್ನೋದು ಅಕ್ಷರಶಃ ಖರೆ ಅಕ್ಕಾರ. ಕಣ್ಣಿನ ಪೊರಿ ಬಂದ ಹಿರಿಯರಿಗೆ ಮಾತೂ ಮಂಜಾಗ್ತದ, ಅದಕ್ಕ ಕಿವಿ ಜೋಡಿ ಕಣ್ಣೂ ತೋರಸ್ರಿ. ವಿಡಿಯೋದಾಗ ಬಾಯಿ ಮೊದಲು, ಆವಾಜ್ ಒಂದೀಟು ತಡ ಬಂದ್ರ ಮೆದುಳು ನಡಿಸ್ಕೊಳ್ತದ, ಎರಡೂ ಕೂಡಿಸೋ ಕಿಟಕಿ ಒಟ್ಟು ಸುಮಾರು 200 ಮಿಲಿಸೆಕೆಂಡ್ ಅಗಲ. ಆವಾಜ್ ಮೊದಲು, ಬಾಯಿ ಆಮ್ಯಾಲ ಬಂದ್ರ ಜಲ್ದಿ ಕೆಡ್ತದ. ನೆಟ್‌ವರ್ಕ್ ಕೆಟ್ಟ ದಿನ ಕಾಕಾನೇ ಎದುರು ಕುಂತು ನಿಮ್ಮ ಮಾತು ಹೇಳ್ಲಿ. ಕಿವಿ ಮಷೀನ್ ಬೇಕಾದ್ರ, ಬಿಪಿಎಲ್ ಕಾರ್ಡ್ ಇದ್ದ 60 ದಾಟಿದವ್ರಿಗೆ 2017ರಾಗ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಾಗ ಕಿವಿ ಮಷೀನ್, ಚಷ್ಮಾ ಎರಡೂ ಪುಕ್ಕಟೆ ಕೊಡೋದು ಅದ, ಕ್ಯಾಂಪ್ ಯಾವಾಗ ಅಂತ ತಾಲ್ಲೂಕಿನಾಗ ವಿಚಾರಸ್ರಿ. ಮಷೀನ್ ಹಾಕಿದ ಮ್ಯಾಲೂ ಮುಖ ಬೇಕೇ ಬೇಕು, ಮಷೀನ್ ಆವಾಜ್ ಏರಸ್ತದ, ಗದ್ದಲಾನೂ ಏರಸ್ತದ.

ತೊಗರಿ_ಮಿಲ್:
ಸರ್, ಒಂದು ಮಾತು. ಮಿಲ್‌ನಾಗ ನಂಗ ಎಲ್ಲಾ ತಿಳೀತದ ಅಂತ ಮ್ಯಾಲ ಬರದೆ. ಮನ್ಯಾಗ ಮಾತ್ರ ಹೆಂಡ್ತಿ ಅಡಗಿ ಮನಿಯಿಂದ ಕರದ್ರ ಕೇಳಂಗಿಲ್ಲ, ಟಿವಿ ಭಾಳ ಜೋರು ಹಚ್ಚತೀನಿ ಅಂತ ಮಕ್ಕಳು ಜಗಳ ತಗೀತಾರ. ನಮ್ಮ ಹಳೇ ಹಮಾಲರದ್ದೂ ಎಲ್ಲಾರದ್ದೂ ಇದೇ ಕಥಿ. ಎದುರು ನಿಂತಾಗ ಎಲ್ಲಾ ಬರೋಬ್ಬರಿ. ಹಂಗಾದ್ರ ನಾವು ತುಟಿ ಓದಿ ಓದಿ ಕಿವಿ ಹೋದದ್ದೇ ಗೊತ್ತಾಗಿಲ್ಲ ಅಂತೇನು?

ಆವಾಜ್_ಕಲಬುರಗಿ:
ಹಂಗೇ ಇರೋ ಸಾಧ್ಯತಾ ಭಾಳ ಅದ ಅಣ್ಣಾರ, ಕಣ್ಣು ಚಲೋ ಕೆಲಸ ಮಾಡಿದಷ್ಟು ಕಿವಿ ತಡವಾಗಿ ಟೆಸ್ಟಿಗೆ ಬರ್ತದ. ಕಾರ್ಖಾನಿಗೆ ಎಂಟು ತಾಸಿಗೆ 90 ಡೆಸಿಬಲ್ ಅಂತ ಮಿತಿ ಅದ, ನಿಮ್ಮ ಮಿಲ್‌ನಾಗ ಅಳದಾರೋ ಇಲ್ಲೋ ಮಾಲಕರಿಗೆ ಕೇಳ್ರಿ, ಇಯರ್ ಪ್ಲಗ್ ಕೇಳ್ರಿ. ಟೆಸ್ಟಿಗೆ ಜಲ್ದಿ ಬರ್ರಿ, ಆದ್ರ ಶಿಫ್ಟ್ ಮುಗಿಸಿ ಸೀದಾ ಬರಬ್ಯಾಡ್ರಿ, ಗದ್ದಲದ ದಣಿವು ಕಿವಿಯಾಗ ಇದ್ರ ಲೆಕ್ಕ ತಪ್ಪು ಬರ್ತದ, ಕಮ್ಮಿ ಅಂದ್ರೂ 14 ತಾಸು ಮಿಲ್ಲಿನ ಮಷೀನಿನಿಂದ ದೂರ ಇರಬೇಕು. ಸೂಟಿ ಮರುದಿನ ಮುಂಜಾನೆ ಬಂದ್ರ ಚಲೋ.

ತೊಗರಿ_ಮಿಲ್:
ರವಿವಾರ ಸೂಟಿ. ಸೋಮವಾರ ಮುಂಜಾನೆ ಬರ್ತೀನಿ, ಹಮಾಲರು ಮೂರು ಮಂದಿನೂ ಕರ್ಕೊಂಡು.

ಆವಾಜ್_ಕಲಬುರಗಿ:
ಮೂರೋ ನೂರೋ, ಎಲ್ಲಾರನ್ನೂ ಕರ್ಕೊಂಡು ಬರ್ರಿ. ಚಷ್ಮಾ ಇದ್ದವ್ರು ಚಷ್ಮಾನೂ ತರ್ಲಿ.